ಬಿದ್ರಿ: ಹೊಸದೋ, ಹಳೆಯದೋ?

ದಿನಾ ಕಣ್ಣಿಗೆ ಬೀಳುವ ಹಾಗೆ ಮೇಜಿನ ಮೇಲೆ ಒಂದೇ ಒಂದು ಬಿದ್ರಿ ಸಾಮಾನು ಸಾಕು ಅನ್ನುವವರಿಗೆ ನಾನು ಹೊಸದನ್ನೇ ಹೇಳುತ್ತೇನೆ. ಬೀದರಿನಲ್ಲಿ ಅದನ್ನು ಮಾಡುವವರ ಎದುರಿಗೇ ಕೂತು ಆರಿಸಬಹುದು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಗೀರು ಕೊರೆದು, ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿ ದ್ರಾವಣ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇದನ್ನು ನೋಡುವುದಕ್ಕಾದರೂ ಒಮ್ಮೆ ಹೋಗಿ, ಕೊಳ್ಳುವುದು ಬಿಡುವುದು ಆಮೇಲಿನ ಮಾತು.

ಹಳೆಯದರ ಚೆಂದವೇ ಬೇರೆ. ಪಾನ್‌ದಾನ್ (ಎಲೆಅಡಿಕೆ ಡಬ್ಬಿ), ಸುರಾಹಿ (ಉದ್ದ ಕತ್ತಿನ ಹೂಜಿ), ಹುಕ್ಕಾದ ಬುಡ: ಇವು ಅಲಂಕಾರಕ್ಕಷ್ಟೇ ಅಲ್ಲ, ಬಳಕೆಗೆ ಮಾಡಿದವು. ಕೈ ತಾಗಿ ತಾಗಿ ಸವೆದ ಅಂಚು ಹೊಸದರಲ್ಲಿ ಸಿಗದು. ಆದರೆ ವಯಸ್ಸಿಗೆ ಮಾರುವವರ ಮಾತೇ ಸಾಕ್ಷಿ. ನಿಜಕ್ಕೂ 100 ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ. ವಿದೇಶದಲ್ಲಿರುವ ಮಗಳಿಗೆ ಉಡುಗೊರೆ ಕಳಿಸುವಂತಿಲ್ಲ.

ಜೋಪಾನದಲ್ಲಿ ಎರಡೂ ಒಂದೇ. ಸತು ಹೆಚ್ಚಿರುವುದರಿಂದ ಕೆಳಗೆ ಬಿದ್ದರೆ ಒಡೆಯಬಹುದು. ಕಪ್ಪು ಮಂಕಾದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಹಿತ್ತಾಳೆ ತಿಕ್ಕುವ ಪುಡಿ ಹಾಕಿದರೆ ಕಪ್ಪೇ ಎದ್ದುಹೋಗುತ್ತದೆ.

ಮನೆಯಲ್ಲೇ ಅಜ್ಜಿಯ ಪಾನ್‌ದಾನ್ ಇದ್ದರೆ ಈ ಲೆಕ್ಕವೇ ಬೇಡ. ಅಟ್ಟದಿಂದ ಇಳಿಸಿ, ಕಪ್ಪು ಹೋಗಿದ್ದರೆ ಕುಶಲಕರ್ಮಿಯಿಂದ ಮತ್ತೆ ಹಾಕಿಸಿ, ಏಲಕ್ಕಿ ಲವಂಗ ತುಂಬಿಡಿ.