ತಲೆಯ ಸಣ್ಣ ಗಡ್ಡೆ ಹುಡುಕಲು ಎಂಪಿರೇಜ್ ಮೇಲೋ, ಸ್ಪೇಸ್ ಮೇಲೋ?

'ತಲೆಗೆ ಹರಡಿದೆಯಾ ನೋಡಿ' ಎಂಬ ಚೀಟಿ ಹಿಡಿದು ಶ್ವಾಸಕೋಶ, ಸ್ತನ ಕ್ಯಾನ್ಸರ್‌ನವರು ನಮ್ಮ ಎಂಆರ್‌ಐ ಕೋಣೆಗೆ ಬರುತ್ತಾರೆ. ಎರಡು ಮಿಲಿಮೀಟರ್ ಗಡ್ಡೆ ಇವತ್ತು ಕಣ್ತಪ್ಪಿದರೆ ಮುಂದಿನ ಸ್ಕ್ಯಾನ್ ಹೊತ್ತಿಗೆ ಬೆಳೆದಿರುತ್ತದೆ. ಅದಕ್ಕೇ ಗಡ್ಡೆಯನ್ನು ಬೆಳ್ಳಗೆ ಹೊಳೆಯಿಸುವ ಗ್ಯಾಡೊಲಿನಿಯಂ ಇಂಜೆಕ್ಷನ್ ಆದಮೇಲೆ ಯಾವ ಸೀಕ್ವೆನ್ಸ್ (ಎಂಆರ್‌ಐ ಚಿತ್ರ ತೆಗೆಯುವ ಬಗೆ) ಹಾಕಬೇಕೆಂದು ನಮ್ಮ 1.5 ಟೆಸ್ಲಾ ಯಂತ್ರದಲ್ಲಿ ಕೆಲವು ತಿಂಗಳು ಎಂಪಿರೇಜ್, ಸ್ಪೇಸ್ ಎಂಬ ಎರಡು 3ಡಿ ಸೀಕ್ವೆನ್ಸ್‌ಗಳನ್ನೂ ಓಡಿಸಿ ನೋಡಿದೆವು. ತಲೆಯನ್ನು ಹೋಳು ಹೋಳಾಗಿ ತೆಗೆಯುವ ಹಳೆಯ 2ಡಿ ಪದ್ಧತಿಯನ್ನು ಸ್ಪರ್ಧೆಗೇ ಇಳಿಸಲಿಲ್ಲ. ಐದು ಮಿಲಿಮೀಟರ್ ಸ್ಲೈಸ್, ನಡುವೆ ಒಂದು ಮಿಲಿಮೀಟರ್ ಖಾಲಿ ಬಿಟ್ಟರೆ ಸಣ್ಣ ಗಡ್ಡೆ ಕಣ್ಣಿಗೆ ಬೀಳುವುದೆಲ್ಲಿ?

ಎಂಪಿರೇಜ್ ಚಿತ್ರ ನೋಡಲು ಚೆಂದ. ಬೂದು ಭಾಗ, ಬಿಳಿ ಭಾಗ ಬಿಡಿಸಿಟ್ಟಂತೆ ಕಾಣುತ್ತವೆ, ನಾಲ್ಕೂವರೆ ನಿಮಿಷಕ್ಕೆ ಮುಗಿಯುತ್ತದೆ. ಆದರೆ ಗಡ್ಡೆಯ ಜೊತೆಗೆ ರಕ್ತನಾಳಗಳೂ ಬೆಳ್ಳಗೆ ಹೊಳೆಯುತ್ತವೆ. ಮಿದುಳಿನ ಮಡಿಕೆಯ ಪಕ್ಕದ ಚುಕ್ಕೆ ಗಡ್ಡೆಯೋ ನಾಳದ ತುದಿಯೋ ಎಂದು ಮೂರೂ ಕಡೆಯಿಂದ ತಿರುಗಿಸಿ ನೋಡಬೇಕು. ಉದ್ದಕ್ಕೆ ಹರಿದರೆ ನಾಳ.

ಸ್ಪೇಸ್‌ನಲ್ಲಿ ಹರಿಯುವ ರಕ್ತ ಕಪ್ಪಾಗುತ್ತದೆ. ಮಂಕು ಬೂದು ಹಿನ್ನೆಲೆಯಲ್ಲಿ ಗಡ್ಡೆಯೊಂದೇ ಎದ್ದು ಕಾಣುತ್ತದೆ. ಆದರೆ ನಮ್ಮಲ್ಲಿ ಆರು ನಿಮಿಷ ಹಿಡಿಯಿತು. ತಲೆನೋವಿನಲ್ಲಿ ನರಳುವವರು ಒಮ್ಮೆ ಕತ್ತು ಹೊರಳಿಸಿದರೂ ಇಡೀ ಸೆಟ್ ಹಾಳು. ನಿಧಾನ ಹರಿವಿನ ಅಭಿಧಮನಿ ಕೆಲವೊಮ್ಮೆ ಬೆಳ್ಳಗೇ ಉಳಿದು ಗಾಬರಿ ಹುಟ್ಟಿಸುತ್ತದೆ.

ಮೊದಮೊದಲು ಒಂದು ತಪ್ಪು ಮಾಡಿದೆವು. ಯಾವಾಗಲೂ ಎಂಪಿರೇಜ್ ಮೊದಲು, ಸ್ಪೇಸ್ ಆಮೇಲೆ. ಗಡ್ಡೆಯಿರುವಲ್ಲಿ ರಕ್ತ ಮತ್ತು ಮಿದುಳಿನ ನಡುವಿನ ತಡೆ ಒಡೆದಿರುತ್ತದೆ, ಗ್ಯಾಡೊಲಿನಿಯಂ ಅಲ್ಲಿಂದ ನಿಧಾನವಾಗಿ ಒಸರುತ್ತದೆ. ತಡವಾಗಿ ತೆಗೆದದ್ದು ಹೆಚ್ಚು ಹೊಳೆಯುವುದು ಸಹಜ, ಸ್ಪೇಸ್‌ಗೆ ಪುಕ್ಕಟೆ ಲಾಭ ಸಿಗುತ್ತಿತ್ತು. ಸರದಿ ಅದಲುಬದಲು ಮಾಡಿದ ಮೇಲೆ ಹೊಳಪಿನ ಅಂತರ ಕಡಿಮೆಯಾಯಿತು. ನಾಳಗಳ ಗೊಂದಲ ಮಾತ್ರ ಎಂಪಿರೇಜ್‌ನಲ್ಲಿ ಹಾಗೇ ಉಳಿಯಿತು. ನನಗೆ ತೀರ್ಮಾನವಾದದ್ದು ಅಲ್ಲೇ.

ಹರಡಿದ ಗಡ್ಡೆ ಹುಡುಕಲು ನನ್ನ ಮತ ಸ್ಪೇಸ್‌ಗೆ. ಮೆಟಾಸ್ಟಾಸಿಸ್ (ಹೀಗೆ ಹರಡಿದ ಗಡ್ಡೆ) ಅಧ್ಯಯನಗಳಿಗಾಗಿ 2020ರಲ್ಲಿ ಬಂದ ತಜ್ಞರ ಶಿಫಾರಸಿನ ಒಲವೂ ಇದೇ ಜಾತಿಯ 3ಡಿ ಸ್ಪಿನ್ ಎಕೋ ಕಡೆಗಿತ್ತು. ಗ್ಲಯೋಮಾದವರು (ಮಿದುಳಲ್ಲೇ ಹುಟ್ಟಿದ ಗಡ್ಡೆಯವರು) ಹಳೆಯ ಎಂಪಿರೇಜ್ ಹಿಡಿದು ಬಂದರೆ ಎಂಪಿರೇಜನ್ನೇ ಹಾಕುತ್ತೇನೆ. ಬೆಳೆದಿದೆಯೇ ಎಂದು ಅಳೆಯಲು ಅಳತೆಗೋಲು ಬದಲಾಗಬಾರದು.

ಈಗ ಇಂಜೆಕ್ಷನ್ ಕೊಟ್ಟ ಕೂಡಲೇ ಟಿ2 ಎಂಬ ಇನ್ನೊಂದು ಸೀಕ್ವೆನ್ಸ್ ಓಡಿಸುತ್ತೇವೆ. ಅದು ಮುಗಿಯುವಷ್ಟರಲ್ಲಿ ಔಷಧ ಒಸರಿರುತ್ತದೆ, ಆಮೇಲೆ ಸ್ಪೇಸ್. ಮಲಗಿದವರಿಗೆ ಒಂದು ನಿಮಿಷವೂ ಸುಮ್ಮನೆ ಕಾಯುವ ಕೆಲಸವಿಲ್ಲ.