ಕೋಡೊಲೆಯೋ, ಅಸ್ತ್ರ ಒಲೆಯೋ?

ದಿನವೂ ಒಳಗೇ ಸೌದೆಯಲ್ಲಿ ಅಡುಗೆ ಮಾಡುವವರಿಗೆ ಚಿಮಣಿಯಿರುವ ಅಸ್ತ್ರ ಒಲೆ. ಹಿತ್ತಲಲ್ಲಿ ಹಬ್ಬಕ್ಕೊಮ್ಮೆ ಉರಿ ಹಾಕುವವರಿಗೆ ಮಣ್ಣಿನ ಕೋಡೊಲೆಯೇ ಸಾಕು. ಇದು ನನ್ನ ಲೆಕ್ಕ.

ಕೋಡೊಲೆಗೆ ಬೇಕಾದ್ದು ಕಡಿಮೆ. ಮಣ್ಣಿನ ಗೋಡೆ, ಪಾತ್ರೆ ಕೂರಲು ಮೂರು ಗುಂಡು, ಪಕ್ಕದಲ್ಲೊಂದು ಕೋಡು, ಅಂದರೆ ಅಂಟಿಕೊಂಡ ಚಿಕ್ಕ ಒಲೆ. ದೊಡ್ಡ ಒಲೆಯ ಉರಿ ಕೋಡಿಗೂ ನುಗ್ಗಿ ಸಾರನ್ನು ಬಿಸಿಯಾಗಿಡುತ್ತದೆ. ಜೊತೆಗೆ ಊದುಗೊಳವೆ, ಇಕ್ಕಳ. ಬಾಯಿ ಅಗಲ, ದಪ್ಪ ಸೌದೆಯನ್ನೂ ಸೀಳದೆ ತುರುಕಬಹುದು. ಕೆಂಡ ಮುಂದಕ್ಕೆಳೆದು ರೊಟ್ಟಿ ಉಬ್ಬಿಸಬಹುದು, ಹಪ್ಪಳ ಸುಡಬಹುದು. ಆ ಸುಖ ಇನ್ನೊಂದರಲ್ಲಿಲ್ಲ. ಹೊಗೆ ಮಾತ್ರ ನೇರ ಕಣ್ಣಿಗೆ.

ಅಸ್ತ್ರ ಒಲೆಯನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ (ASTRA) ಘಟಕ; ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವುದು ಎಂಬ ಇಂಗ್ಲಿಷ್ ಹೆಸರಿನ ಚುಟುಕು ರೂಪ ಅದು. ಮೂರು ಪಾತ್ರೆಗೆ ಜಾಗ, ಸೌದೆಯ ಕೆಳಗೆ ಜಾಲರಿ, ಕೊನೆಯಲ್ಲಿ ಚಿಮಣಿ. ಗಾಳಿ ಜಾಲರಿಯ ಅಡಿಯಿಂದ ಬರುವುದರಿಂದ ಊದುವ ಕೆಲಸ ಕಡಿಮೆ, ಸೌದೆಯೂ ಉಳಿತಾಯ. ಆದರೆ ತೂತಿಗೆ ಸರಿಯಾಗಿ ಕೂರುವ ಪಾತ್ರೆಯೇ ಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಹೊಗೆ ಏಳುತ್ತದೆ. ಸೌದೆ ಸಣ್ಣಗೆ ಸೀಳಿರಬೇಕು. ಚಿಮಣಿಯ ಮಸಿ ಆಗಾಗ ಕೆರೆಯಬೇಕು. ಮಳೆಗಾಲಕ್ಕೆ ಅದರ ತಲೆಗೊಂದು ಟೋಪಿಯೂ ಬೇಕು.