ಡ್ರ್ಯಾಗ್ ಎಂಜಿನ್ ಅಂತ ಹೇಳಿ ಮಾಮೂಲಿ ರೀಬೋರ್ ಮಾಡ್ತಾರೆ, ಮಾರುತಿ ಎಸ್ಟೀಮ್ ಕಾರು ಇಟ್ಟುಕೊಂಡವರು ಹುಷಾರು

ಬೆಂಗಳೂರಲ್ಲಿ ಹಳೇ ಎಸ್ಟೀಮ್‌ಗೆ ಡ್ರ್ಯಾಗ್ ಕೆಲಸ (ನೇರ ದಾರಿಯ ರೇಸಿಗೆ ಎಂಜಿನ್ ಕಟ್ಟಿಸೋದು) ಮಾಡಿಸಬೇಕು ಅಂತಿರುವವರು ದಯವಿಟ್ಟು ಓದಿ. ಒಂದು ಎಂಜಿನ್ ಅಂಗಡಿಯವರು ನನ್ನ ಹತ್ತಿರ 1,85,000 ರೂಪಾಯಿ ತಗೊಂಡು ಮಾಮೂಲಿ ರೀಬೋರ್ ಮಾಡಿ ಕಳಿಸಿದ್ದಾರೆ. ಮಾಮೂಲಿ ರೀಬೋರ್! ಅಂದ್ರೆ ಸವೆದ ಸಿಲಿಂಡರನ್ನ ಸ್ವಲ್ಪ ಕೊರೆದು ದಪ್ಪ ಪಿಸ್ಟನ್ ಹಾಕೋದು, ಅಷ್ಟೇ.

ಮಾತಾಗಿದ್ದು ಫೋರ್ಜ್ಡ್ ಪಿಸ್ಟನ್ (ಒತ್ತಿ ಮಾಡಿದ ಗಟ್ಟಿ ಪಿಸ್ಟನ್), ದೊಡ್ಡ ಬೋರ್ (ಸಿಲಿಂಡರಿನ ಅಗಲ), ವಾಲ್ವ್ ಜಾಸ್ತಿ ತೆರೆಯುವ ಹೈ ಲಿಫ್ಟ್ ಕ್ಯಾಮ್, ಕ್ರ್ಯಾಂಕ್ ಬ್ಯಾಲೆನ್ಸಿಂಗ್ (ತಿರುಗುವ ಕ್ರ್ಯಾಂಕಿನ ತೂಕ ಸಮ ಮಾಡೋದು). ಬಿಲ್ಲಿನಲ್ಲಿ ಒಂದೇ ಸಾಲು: "ಡ್ರ್ಯಾಗ್ ಎಂಜಿನ್ ಕೆಲಸ, ಪಾರ್ಟ್ಸ್ ಸೇರಿ".

ಗಾಡಿ ಕೈಗೆ ಬಂದಾಗಿನಿಂದ ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ಪೇ ಇಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತರೆ ಹೀಟ್ ಆಗುತ್ತೆ. ಆಕ್ಸಿಲರೇಟರ್ ಒತ್ತಿದರೆ ನಾಕಿಂಗ್, ಎಂಜಿನ್ ಒಳಗೆ ಬಡಿದ ಹಾಗೆ ಸದ್ದು. ಕೇಳಿದರೆ, "ಡ್ರ್ಯಾಗ್ ಎಂಜಿನ್ ಸಾರ್, ಹಾಗೇ ಇರುತ್ತೆ. 4000 ಆರ್‌ಪಿಎಂ ದಾಟಿಸಿ ನೋಡಿ" ಅಂತಾರೆ. ಈ ಮಾತಲ್ಲಿ ಅರ್ಧ ನಿಜ ಇದೆ, ಅದಕ್ಕೇ ಎಲ್ಲರೂ ನಂಬೋದು. ಡ್ರ್ಯಾಗ್ ಎಂಜಿನ್ 402 ಮೀಟರ್ ಓಡೋಕೆ ಅಂತ ಕಟ್ಟೋದು. ಅದರ ಕ್ಯಾಮ್ ಎಳೆಯೋದು ಮೇಲಿನ ಆರ್‌ಪಿಎಂನಲ್ಲೇ. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತೆ ಅಂತ ಸಿಲಿಂಡರ್ ಗೋಡೆಗೂ ಅದಕ್ಕೂ ಗ್ಯಾಪ್ ಜಾಸ್ತಿ ಬಿಡ್ತಾರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಅನ್ನುತ್ತೆ. ಸರಿ, ಒಪ್ಪೋಣ. ಮೇಲಾದ್ರೂ ಎಳೀಬೇಕಲ್ವಾ? ಕಂಪನಿಯಿಂದ ಬಂದ 85 ಎಚ್‌ಪಿಯಲ್ಲೇ ಇರುವ ಗೆಳೆಯನ ಎಸ್ಟೀಮ್ ಎಲ್ಲರೆದುರು ನನ್ನನ್ನು ಹಿಂದೆ ಹಾಕಿತು. ಆವತ್ತಿನ ಅವಮಾನ ಹೇಳೋಕಾಗಲ್ಲ.

ಬೇರೆ ಲೇತ್ ಅಂಗಡಿಯಲ್ಲಿ ಎಂಜಿನ್ ಬಿಚ್ಚಿಸಿದೆ. ಪಿಸ್ಟನ್ ಮೇಲಿನ ಕಾರ್ಬನ್ ಒರೆಸಿದರೆ 0.50 ಅಂತ ಅಚ್ಚು! ಅಂದ್ರೆ ಅರ್ಧ ಎಂಎಂ ದಪ್ಪದ ರೀಬೋರ್ ಪಿಸ್ಟನ್. ಹೊರಗೆ ತೆಗೆದು ತಿರುಗಿಸಿ ತೋರಿಸಿದರು. ಯಾವ ಸ್ಪೇರ್ ಅಂಗಡಿಯಲ್ಲೂ ಸಿಗುವ ಕಾಸ್ಟ್ (ಅಚ್ಚಿಗೆ ಎರಕ ಹೊಯ್ದ) ಪಿಸ್ಟನ್. ಮೈಯೆಲ್ಲಾ ಉರಿದುಹೋಯಿತು. 74 ಎಂಎಂ ಬೋರು 74.5 ಆಗಿದೆ, ಅಷ್ಟೇ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75.5, ನೀವೇ ಲೆಕ್ಕ ಹಾಕಿ. 1298 ಸಿಸಿ ಹೋಗಿ 1316. ಹದಿನೆಂಟು ಸಿಸಿಗೆ ಇಷ್ಟು ದುಡ್ಡು! ಕ್ಯಾಮ್ ಕಂಪನಿಯದೇ. ಕ್ರ್ಯಾಂಕ್‌ನಲ್ಲಿ ತೂಕ ಸಮ ಮಾಡೋಕೆ ಹೊಸದಾಗಿ ಕೊರೆದ ಒಂದು ಗುರುತೂ ಇಲ್ಲ. ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಮಾತ್ರ ಸುಮ್ನೆ ಜಾಸ್ತಿ ಫೇಸಿಂಗ್ ಮಾಡಿ, ಅಂದ್ರೆ ಅಡಿ ಸವೆಸಿ, ಕಂಪ್ರೆಷನ್ ಏರಿಸಿದ್ದಾರೆ. ನಾಕಿಂಗ್ ಅದರಿಂದಲೇ. ಹೆಡ್ ಕೆಳಗಿಳಿದರೆ ಕ್ಯಾಮ್ ಟೈಮಿಂಗೂ ಹಿಂದೆ ಬೀಳುತ್ತೆ, ಅದನ್ನೂ ಸರಿಮಾಡಿಲ್ಲ. ನಾಲ್ಕು ಸಿಲಿಂಡರ್ ಬೋರಿಂಗ್, ಹೋನಿಂಗ್‌ಗೆ (ಒಳಗೋಡೆ ಉಜ್ಜೋದು) ಈ ಲೇತ್ ಅಂಗಡಿಯವರು ಹೇಳಿದ ರೇಟು 3,200 ರೂಪಾಯಿ.

ಮೊದಲು ಕೆಲಸ ಮಾಡಿದವರಿಗೆ ಫೋಟೊ ಕಳಿಸಿದೆ. "ಅದು ಫೋರ್ಜ್ಡೇ ಸಾರ್, ನಿಮಗೆ ಗೊತ್ತಾಗಲ್ಲ" ಅಂದರು. 0.50 ಅಚ್ಚು ತೋರಿಸಿದ ಮೇಲೆ, "ಬೇರೆಯವರ ಹತ್ತಿರ ಬಿಚ್ಚಿಸಿದ್ದೀರಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ" ಅಂತೆ. ಬಿಚ್ಚದೆ ಗೊತ್ತಾಗೋದು ಹೇಗೆ ಸ್ವಾಮಿ? ಆಮೇಲೆ ಫೋನೇ ಎತ್ತುತ್ತಿಲ್ಲ.

ಪಿಸ್ಟನ್ ಹಾಕುವ ಮುಂಚೆ ಹೋಗಿ ಕಣ್ಣಾರೆ ನೋಡಿ. ನಿಮ್ಮೆದುರೇ ಬೋರ್ ಗೇಜ್ ಇಡಿಸಿ, ಸಿಲಿಂಡರ್ ಅಳತೆ ನೋಡಿ. ಮೆಷಿನಿಂಗ್ ಕೂಲಿ ಬೇರೆ, ಪಾರ್ಟ್ಸ್ ಬೇರೆ ಬರೆಸಿಕೊಳ್ಳಿ. "ಎಲ್ಲಾ ಸೇರಿ ಇಷ್ಟು" ಅಂದರೆ ಗಾಡಿ ವಾಪಸ್ ತಗೊಂಡು ಬನ್ನಿ. ನಾನು ಬಿಲ್ಲು, ಪಿಸ್ಟನ್ ಎರಡೂ ಇಟ್ಟುಕೊಂಡಿದ್ದೇನೆ. ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. ಇದೇ ರೀತಿ ಒಂದೇ ಸಾಲಿನ ಬಿಲ್ಲು ಯಾರ ಹತ್ತಿರವಾದ್ರೂ ಇದ್ದರೆ ತಿಳಿಸಿ.